ಟೋಟಲ್ ಸಾರ್ ಮತ್ತು ಒಡಕಿನ ಚೀಟಿ

ಕಳೆದ ಭಾನುವಾರ ಚಾಮರಾಜಪೇಟೆಯಲ್ಲಿ ಟೋಟಲ್ ಸಾರ್ ಅವರ ವೈಕುಂಠ ಸಮಾರಾಧನೆ. ಊಟ ಮುಗಿದು ಅಡುಗೆಯವರು ಪಾತ್ರೆ ಕವುಚುವ ಹೊತ್ತಿಗೆ ನಾನು ಒಳಗೆ ಹೋಗಿ ಅವರಲ್ಲಿ ಹಿರಿಯರನ್ನು ಕೇಳಿದೆ: "ಎಷ್ಟು ಎಲೆ ಆಯ್ತು ಸ್ವಾಮಿ?" ನೂರಾ ಹನ್ನೆರಡು ಅಂದರು. ಬಡಿಸಿದವನನ್ನು ಬೇರೆ ಕಡೆ ಕರೆದು ಕೇಳಿದೆ. ಅವನೂ ನೂರಾ ಹನ್ನೆರಡು ಅಂದ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನವಾಗಿ ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದರು. ನನಗೆ ಮಾತ್ರ ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅನ್ನಿಸಿತು. ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅಲ್ಲಿ ಫೋಟೋದೊಳಗೆ ಗಂಧದ ಹಾರ ಹಾಕಿಸಿಕೊಂಡು, ಆಗಲೂ ಕ್ಲೋಸ್ ಕಾಲರ್ ಕೋಟಿನ ಮೇಲಿನ ಗುಂಡಿ ಬಿಚ್ಚದೆ ಕೂತಿದ್ದರಲ್ಲ, ಅವರು ಹಚ್ಚಿದ್ದು.

ತೊಂಬತ್ತರ ದಶಕದ ಶುರುವಿನಲ್ಲಿ ಬಿ.ಕಾಂ. ಮುಗಿಸಿ, ಎನ್.ಆರ್. ಕಾಲೋನಿಯ ಮನೆಯಲ್ಲಿ ದಿನಾ ಅಮ್ಮನ ಬಾಯಿಗೆ ಸಿಕ್ಕಿಕೊಂಡು ಇದ್ದವಳು ನಾನು. ಬಳೇಪೇಟೆಯ ಒಂದು ಗಾಜಿನ ಬಳೆಯ ಸಗಟು ಅಂಗಡಿಗೆ ಲೆಕ್ಕ ಬರೆಯುವವರು ಬೇಕು ಅಂತ ಯಾರೋ ಹೇಳಿದರು, ಹೋದೆ. ಅಂಗಡಿಯ ಯಜಮಾನರು ಗೌಡರು. ಅವರು ನನ್ನ ಮಾರ್ಕ್ಸ್ ಕಾರ್ಡನ್ನು ತಿರುಗಿಸಿ ಕೂಡ ನೋಡದೆ "ಸಾರ್ ಹೂಂ ಅಂದ್ರೆ ನಂದೂ ಹೂಂ" ಅಂತ ಒಳಗಿನ ಮೇಜಿನ ಕಡೆ ಕೈ ತೋರಿಸಿದರು. ಅಲ್ಲಿ ಐವತ್ತು ದಾಟಿದ, ಬಿದಿರು ಕಡ್ಡಿಯಂಥ ಒಬ್ಬರು ಕುರ್ಚಿಯ ಮುಂದೆ ನಿಂತು ಬೆಕ್ಕಿಗೆ ಹೇಳುತ್ತಿದ್ದರು: "ಏಳಿ, ಇದು ನನ್ನ ಜಾಗ." ಬೆಕ್ಕು ಎದ್ದು ಹೋಯಿತು. ಮನುಷ್ಯರಿಗಾಗಲಿ ಬೆಕ್ಕಿಗಾಗಲಿ ಅವರು ಏಕವಚನ ಬಳಸಿದ್ದನ್ನು ನಾನು ಕೊನೆಯವರೆಗೂ ಕೇಳಲಿಲ್ಲ.

ಡೆಬಿಟ್ಟು ಕ್ರೆಡಿಟ್ಟು ಕೇಳುತ್ತಾರೆ ಅಂತ ಬಸ್ಸಿನಲ್ಲೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ.

"ಮನೇಲಿ ಹಾಲು ಯಾರು ತಗೋತಾರೆ?"

"ಅಮ್ಮ."

"ಎಷ್ಟು ತಗೊಂಡ್ವಿ ಅಂತ ಕ್ಯಾಲೆಂಡರಲ್ಲಿ ಯಾರು ಬರೀತಾರೆ?"

"ಅಮ್ಮಾನೇ."

"ತಿಂಗಳ ಕೊನೇಲಿ ದುಡ್ಡು ಯಾರು ಕೊಡ್ತಾರೆ?"

"ಅಮ್ಮಾನೇ ಕೊಡ್ತಾರೆ ಸಾರ್."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. "ಮೂರೂ ಒಬ್ಬರೇ ಮಾಡಿದ್ರೆ ನಿಮ್ಮ ತಾಯಿಯವರು ಪ್ರಾಮಾಣಿಕರು ಅಂತ ರುಜುವಾತು ಮಾಡೋದು ಹೇಗಮ್ಮ?"

ಮನೆಗೆ ಬಂದು ಇದನ್ನು ಹಾಗೇ ಒಪ್ಪಿಸಿದೆ, ಬುದ್ಧಿಯಿಲ್ಲದೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಈಚೆಗೆ ಬಂದಳು. "ಯಾರವನು ನನ್ನನ್ನ ಕಳ್ಳಿ ಅನ್ನೋನು? ಇಪ್ಪತ್ತೈದು ವರ್ಷದಿಂದ ಈ ಮನೇಲಿ ಹಾಲು ಕಾಸ್ತಿದೀನಿ!" ಅಪ್ಪ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು, ಜಗಳ ಕಂಡರೆ ಪೇಪರು ಅಗಲ ಮಾಡಿ ಹಿಡಿದುಕೊಳ್ಳುವವರು. ಅವರು ಪೇಪರಿನ ಹಿಂದಿನಿಂದಲೇ ಹೇಳಿದರು: "ಕಳ್ಳಿ ಅಂದಿಲ್ಲ ಕಣೆ. ಅಲ್ಲ ಅಂತ ತೋರಿಸೋಕೆ ದಾರಿ ಬೇಕು ಅಂದಿದಾನೆ." ಅಮ್ಮನಿಗೆ ಆ ವ್ಯತ್ಯಾಸ ತಲೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೋಗಲಿಲ್ಲ.

ಕೆಲಸ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಎತ್ತಿಟ್ಟರೆ ತೋಳು ನೋಯುವಷ್ಟು ದಪ್ಪದ ಒಂದು ಲೆಡ್ಜರು. ಅರಸೀಕೆರೆಯಿಂದ ಗೌರಿಬಿದನೂರಿನವರೆಗೆ ನಮ್ಮಲ್ಲಿ ಬಳೆ ತಗೊಳ್ಳುವ ಮುನ್ನೂರು ಚಿಲ್ಲರೆ ಅಂಗಡಿಗಳು, ಒಂದೊಂದಕ್ಕೂ ಒಂದೊಂದು ಪುಟ. ಯಾರು ಎಷ್ಟರ ಬಳೆ ಒಯ್ದರು, ಎಷ್ಟು ದುಡ್ಡು ಕಟ್ಟಿದರು, ದಾರಿಯಲ್ಲಿ ಒಡೆದು ವಾಪಸು ತಂದ ಬಳೆಗೆ ಎಷ್ಟು ವಜಾ ಮಾಡಿದ್ದೇವೆ, ಎಲ್ಲವನ್ನೂ ಬಿಡಿಬಿಡಿಯಾಗಿ ನಾನು ಬರೆಯಬೇಕು. ಅವರ ಹತ್ತಿರ ಇದ್ದದ್ದು ಕೆಂಪು ಬಟ್ಟೆಯ ರಟ್ಟಿನ ಒಂದು ತೆಳು ಪುಸ್ತಕ. ಅದರಲ್ಲಿ ಗಿರಾಕಿಗಳ ಹೆಸರೇ ಇಲ್ಲ. ಮುನ್ನೂರು ಜನಕ್ಕೂ ಸೇರಿ ಒಂದೇ ಖಾತೆ: ದಿನದ ಒಟ್ಟು ಮಾರಾಟ, ಒಟ್ಟು ವಸೂಲಿ, ಒಟ್ಟು ಒಡಕು. ತಿಂಗಳ ಕೊನೆಗೆ ನನ್ನ ಮುನ್ನೂರು ಬಾಕಿಗಳನ್ನು ಕೂಡಿದರೆ ಬರುವ ಮೊತ್ತವೂ ಅವರ ಆ ಒಂದೇ ಒಂದು ಬಾಕಿಯೂ ಪೈಸೆಗೆ ಪೈಸೆ ತಾಳೆಯಾಗಬೇಕು. ಕಾಲೇಜಿನಲ್ಲಿ ಇದನ್ನು ಕಂಟ್ರೋಲ್ ಅಕೌಂಟ್ ಅಂತ ಐದು ಮಾರ್ಕಿಗೆ ಓದಿದ್ದೆ. ಬಳೇಪೇಟೆಯಲ್ಲಿ ಅದು ಟೋಟಲ್ ಖಾತೆ, ಅದನ್ನು ಬರೆಯುವವರು ಟೋಟಲ್ ಸಾರ್. ಎದುರಿಗಲ್ಲ, ಬೆನ್ನ ಹಿಂದೆ.

ಈ ಏರ್ಪಾಟಿನ ಜೀವವೇ ಒಂದು ನಿಯಮ. ಬಿಡಿ ಬರೆಯುವವರು ಒಟ್ಟು ನೋಡಬಾರದು, ಒಟ್ಟು ಬರೆಯುವವರು ಬಿಡಿ ಮುಟ್ಟಬಾರದು. ತಿಂಗಳ ಕೊನೆಯ ದಿನ ನಾನು ನನ್ನ ಮೊತ್ತವನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಅವರ ಮೇಜಿನ ಮೇಲೆ ಇಡಬೇಕು. ಅವರು ಕೆಂಪು ಪುಸ್ತಕವನ್ನು ಇಸ್ಪೀಟಿನ ಎಲೆ ಹಿಡಿದ ಹಾಗೆ ಎದೆಗವಚಿಕೊಂಡು ತೆರೆದು, ಚೀಟಿ ಬಿಡಿಸಿ, ಒಂದು ಸಲ ಅದನ್ನು ಒಂದು ಸಲ ಇದನ್ನು ನೋಡಿ, "ಇಲ್ಲ" ಅನ್ನುವರು. ಇಲ್ಲವೆಂದರೆ ಎಷ್ಟರ ವ್ಯತ್ಯಾಸ ಅಂತ ಹೇಳುತ್ತಿರಲಿಲ್ಲ. "ಹೇಳಿದ್ರೆ ನೀವು ಅಷ್ಟು ದುಡ್ಡು ಹುಡುಕ್ತೀರ. ತಪ್ಪು ಹುಡುಕಿ." ತಾಳೆಯಾದರೂ ಶಹಬ್ಬಾಸ್ ಇಲ್ಲ. "ಸದ್ಯಕ್ಕೆ ಸರಿ," ಅಷ್ಟೆ.

"ಸದ್ಯಕ್ಕೆ ಯಾಕೆ ಸಾರ್? ಸರಿ ಅಂದ್ರೆ ಸರಿ ತಾನೆ?" ಅಂತ ಒಂದು ಸಲ ರೇಗಿಕೊಂಡೇ ಕೇಳಿದೆ.

"ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಕೂತಿದ್ರೆ?" ಅಂದರು. ಇಂಥವರ ಜೊತೆ ಸಂಸಾರ ಮಾಡಿದ ಆ ಹೆಂಗಸಿಗೆ ಮೊದಲು ಕೈ ಮುಗಿಯಬೇಕು ಅಂದುಕೊಂಡೆ.

ಇನ್ನೊಂದು ಕಾಯಿಲೆ ಅಂದರೆ ಯಾವ ಕಾಗದವನ್ನೂ ಹರಿದು ಬಿಸಾಡುವ ಹಾಗಿಲ್ಲ. ತಪ್ಪಾಗಿ ಬರೆದ ವೋಚರಿನ ಮೇಲೆ ಎರಡು ಓರೆ ಗೀಟು ಎಳೆದು, ನಡುವೆ "ರದ್ದು" ಅಂತ ಬರೆದು, ಕೆಳಗೆ ಎರಡು ಸಹಿ ಹಾಕಬೇಕು. ಎಡಕ್ಕೆ "ಬರೆದವರು", ಬಲಕ್ಕೆ "ನೋಡಿದವರು". ಒಬ್ಬರೇ ಎರಡನ್ನೂ ಹಾಕುವಂತಿಲ್ಲ. ಒಂದು ಸಲ ಗೌಡರ ಅಣ್ಣನ ಮಗಳ ಮದುವೆ ಮುಂದಕ್ಕೆ ಹೋಯಿತು. ಅಂಗಡಿಗೆ ಬಂದಿದ್ದ ಲಗ್ನಪತ್ರಿಕೆಯ ಗತಿ ಏನಾಯಿತು ಅಂತೀರ? ಗಣಪತಿಯ ಚಿತ್ರ ಬಿಟ್ಟು ಮಿಕ್ಕಿದ್ದರ ಮೇಲೆ ಎರಡು ಗೀಟು, ರದ್ದು, ಅವರ ಸಹಿ. ಆಮೇಲೆ ನನ್ನನ್ನು ಕರೆದು "ನೋಡಿದವರು" ಅನ್ನುವ ಕಡೆ ನನ್ನ ಸಹಿ. ಗೌಡರು ಅದನ್ನು ಕಂಡಿದ್ದರೆ ಇಬ್ಬರನ್ನೂ ಓಡಿಸುತ್ತಿದ್ದರು.

"ಹರಿದು ಹಾಕಿದ್ರೆ ಏನು ಗಂಟು ಹೋಗುತ್ತೆ ಸಾರ್?"

"ಹರಿದು ಹಾಕಿದ್ರೆ ಬರೆದೇ ಇರ್ಲಿಲ್ಲ ಅಂತಾಗುತ್ತೆ. ರದ್ದು ಮಾಡಿದ್ರೆ, ಬರೆದಿದ್ವಿ, ಆಮೇಲೆ ಬೇಡವಾಯ್ತು ಅಂತ ತಿಳಿಯುತ್ತೆ. ಎರಡೂ ಒಂದೇ ಅಲ್ಲ."

ಇನ್ನು ರಾಹುಕಾಲ. ದಿನಕ್ಕೆ ಒಂದೂವರೆ ಗಂಟೆ ಅವರು ಪುಸ್ತಕದಲ್ಲಿ ಅಂಕಿ ಬರೆಯುತ್ತಿರಲಿಲ್ಲ. ವ್ಯಾಪಾರದ ಜಾಗದಲ್ಲಿ ಕೆಲಸ ಕಾಯುತ್ತದೆಯೇ? ಅದಕ್ಕೆ ಮನೆ ಪುರೋಹಿತರ ಹತ್ತಿರ ಎರಡು ವಿನಾಯಿತಿ ಮಂಜೂರು ಮಾಡಿಸಿಕೊಂಡಿದ್ದರು. ಒಂದು, ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದರೆ ದೋಷವಿಲ್ಲ, ಅಳಿಸಿದರೆ ಹೋಗುವಂಥದ್ದು. ಎರಡು, ಟಿಕ್ ಹಾಕಿದರೆ ದೋಷವಿಲ್ಲ, ಅದು ಅಂಕಿಯೂ ಅಲ್ಲ ಅಕ್ಷರವೂ ಅಲ್ಲ. ಹೀಗಾಗಿ ರಾಹುಕಾಲದಲ್ಲಿ ಯಾವುದಾದರೂ ಪುಸ್ತಕ ಬಂದರೆ ಮೊತ್ತವನ್ನು ಪೆನ್ಸಿಲಿನಲ್ಲಿ ಚೀಟಿಗೆ ಇಳಿಸಿ, ಬಂದ ಪುಸ್ತಕಕ್ಕೆ ತಮ್ಮ ಹಸಿರು ಇಂಕಿನ ಟಿಕ್ ಹಾಕಿ ವಾಪಸು ಕಳಿಸಿ, ಚೀಟಿಯನ್ನು ಕೋಟಿನ ಒಳಜೇಬಿಗೆ ಸೇರಿಸುವರು. ರಾಹುಕಾಲ ಕಳೆದ ಮೇಲೆ ಚೀಟಿ ತೆಗೆದು ಕೆಂಪು ಪುಸ್ತಕಕ್ಕೆ ಏರಿಸುವರು. ಹಸಿರು ಟಿಕ್ ಅಂದರೆ ಮುಗಿದದ್ದು ಅಂತ ಅರ್ಥ. ಅದನ್ನು ಪ್ರಶ್ನಿಸುವುದು ಅಂದರೆ ಬಳೇಪೇಟೆಯಲ್ಲಿ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಅಂತ ಕೇಳಿದ ಹಾಗೆ.

ನಾನು ಸೇರಿ ನಾಲ್ಕನೆಯ ವರ್ಷವೋ ಏನೋ, ಮಾರ್ಚ್ ಕೊನೆ. ವರ್ಷದ ಲೆಕ್ಕ ಮುಗಿಸುವ ಕಾಲ. ನನ್ನ ಚೀಟಿ ಇಟ್ಟೆ. ಅವರು ಎದೆಗವಚಿಕೊಂಡು ನೋಡಿ "ಇಲ್ಲ" ಅಂದರು. ಇಂಥ "ಇಲ್ಲ"ಗಳನ್ನು ಬೇಕಾದಷ್ಟು ಕೇಳಿದ್ದೆನಲ್ಲ, ಹೋಗಿ ಹುಡುಕಿದೆ. ಸಿಗಲಿಲ್ಲ. ಮತ್ತೆ ಹುಡುಕಿದೆ. ಮೂರನೆಯ ದಿನ, ಅವರ ಜೀವಮಾನದಲ್ಲೇ ಮೊದಲ ಸಲ, ಎಷ್ಟು ಅಂತ ಬಾಯಿ ಬಿಟ್ಟರು. "ನಾಲ್ಕು ಸಾವಿರದ ಎಂಟುನೂರ ಅರವತ್ತು. ನಿಮ್ಮದು ಕಡಿಮೆ."

ಕೇಳಿದ ಕೂಡಲೇ ಮನಸ್ಸಿನಲ್ಲೇ ಒಂಬತ್ತರಿಂದ ಭಾಗಿಸಿದೆ. ಹೋಯಿತು. ಲೆಕ್ಕದವರಿಗೆಲ್ಲ ಗೊತ್ತಿರುವ ಉಪಾಯ ಅದು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ, ಐವತ್ತನಾಲ್ಕು ಬರೆಯುವ ಕಡೆ ನಲವತ್ತೈದು ಬರೆದಿದ್ದೇವೆ ಅಂತ. ಆ ಹಾಳು ಒಂಬತ್ತರ ಹಿಂದೆ ಬಿದ್ದು ಎರಡು ದಿನ ಮುನ್ನೂರು ಪುಟದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓದಿದೆ. ಬಸ್ಸಿನ ನಂಬರನ್ನೂ ಉಲ್ಟಾ ಓದಿ ಬೇರೆ ಬಸ್ಸು ಹತ್ತಿದೆ. ಅದು ಬರೀ ಕಾಕತಾಳೀಯವಾಗಿ ಒಂಬತ್ತರಿಂದ ಭಾಗ ಹೋದ ಅಂಕಿ ಅಂತ ಆಮೇಲೆ ತಿಳಿದಾಗ ಒಂಬತ್ತರ ಮೇಲೇ ನಂಬಿಕೆ ಹೋಯಿತು.

ಅಷ್ಟರಲ್ಲಿ ಗೌಡರ ಭಾವಮೈದ ಬಾಯಿ ತೆರೆದ. ಅಂಗಡಿಯಲ್ಲಿ ಅವನಿಗೆ ಒಂದು ಕುರ್ಚಿ ಇತ್ತು, ಕೆಲಸ ಇರಲಿಲ್ಲ. "ಕ್ಯಾಷಿಯರು ಹರ್ನಿಯಾ ಆಪರೇಸನ್ನಿಗೆ ಹೋದಾಗ ಹದಿನೈದು ದಿನ ಗಲ್ಲಾ ಯಾರ ಕೈಲಿತ್ತು ಬಾವಾ? ನಾನೇನೂ ಹೇಳ್ತಿಲ್ಲಪ್ಪ, ಸುಮ್ನೆ ಕೇಳ್ತಿದೀನಿ."

ಗಲ್ಲಾ ನನ್ನ ಕೈಲಿತ್ತು. ಅವನ ಮಾತಿನ ಅರ್ಥ ಅಂಗಡಿಗೆಲ್ಲ ಆಯಿತು. ಗಿರಾಕಿ ದುಡ್ಡು ಕೊಟ್ಟಿದ್ದಾನೆ, ಇವಳು ಅವನ ಪುಟದಲ್ಲಿ ಬಾಕಿ ಇಳಿಸಿದ್ದಾಳೆ, ದುಡ್ಡು ಗಲ್ಲಾಕ್ಕೆ ಬಂದಿಲ್ಲ. ಅದಕ್ಕೇ ಬಿಡಿ ಕಡಿಮೆ, ಒಟ್ಟು ಜಾಸ್ತಿ. ಪುಸ್ತಕದ ಪ್ರಕಾರ ಕಳ್ಳತನ ಹೇಗೆ ಕಾಣಬೇಕೋ ಹಾಗೇ ಕಾಣುತ್ತಿತ್ತು. ನಾನೇ ಪರೀಕ್ಷಕಳಾಗಿದ್ದರೆ ನನಗೇ ಐದಕ್ಕೆ ಐದು ಮಾರ್ಕು ಕೊಟ್ಟು ಜೈಲಿಗೆ ಕಳಿಸುತ್ತಿದ್ದೆ.

ಗೌಡರು ಕೆಟ್ಟವರಲ್ಲ. "ಏನ್ ಸಾರ್, ನಾಕ್ ಸಾವ್ರ ತಾನೆ, ಅತ್ಲಾಗೆ ಖರ್ಚಿಗೆ ಬರ್ಕೊಂಡ್ಬಿಡಿ," ಅಂದರು.

"ಯಾರ ಖರ್ಚು ಅಂತ ಬರೀಲಿ?" ಅಂದರು ಟೋಟಲ್ ಸಾರ್.

ಭಾವಮೈದ ಮತ್ತೆ ಮತ್ತೆ ಚುಚ್ಚಿದ. ಗೌಡರು ಕೊನೆಗೆ, ಶನಿವಾರ ಸಂಜೆಯೊಳಗೆ ಲೆಕ್ಕ ಕೂಡದಿದ್ದರೆ ಸೋಮವಾರದಿಂದ ನಾನು ಬರುವುದು ಬೇಡ ಅಂದುಬಿಟ್ಟರು. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವ ಹೊತ್ತಿಗೆ ಎನ್.ಆರ್. ಕಾಲೋನಿಗೆಲ್ಲ ಸುದ್ದಿ ಹಬ್ಬುತ್ತಿದ್ದ ಕಾಲ ಅದು. ಆಗ ತಾನೆ ಒಂದು ಗಂಡಿನ ಕಡೆಯವರು ನನ್ನನ್ನು ನೋಡಿ, ಉಪ್ಪಿಟ್ಟು ಕೇಸರಿಭಾತು ತಿಂದು, ಯೋಚಿಸಿ ಹೇಳುತ್ತೇವೆ ಅಂತ ಹೋಗಿದ್ದರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಪ್ಪ ಅಂಗಡಿಗೇ ಬಂದರು. ಪೇಪರಿನ ಹಿಂದೆ ಬಚ್ಚಿಟ್ಟುಕೊಳ್ಳುವ ನನ್ನ ಅಪ್ಪ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಕೈಯಲ್ಲಿ ಒಂದು ಕವರು ಹಿಡಿದು. ಪೋಸ್ಟಾಫೀಸಿನ ಉಳಿತಾಯದಿಂದ ತೆಗೆದ ದುಡ್ಡು. ಗೌಡರ ಮುಂದೆ ನಿಂತು ಹೇಳಿದರು: "ನನ್ನ ಮಗಳು ತಗೊಂಡಿಲ್ಲ. ಆದ್ರೆ ಅವಳು ನೆಟ್ಟಗೆ ಊಟ ಮಾಡಿ ಮೂರು ದಿನ ಆಯ್ತು. ಇದನ್ನ ಇಟ್ಕೊಂಡು ಮುಗಿಸಿಬಿಡಿ ಸ್ವಾಮಿ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೌಡರು ಮುಜುಗರದಿಂದಲೇ ಕೈ ಚಾಚಿದರು.

"ಮುಟ್ಟಬೇಡಿ!"

ಟೋಟಲ್ ಸಾರ್ ಎದ್ದು ನಿಂತಿದ್ದರು. ಅವರ ಗಂಟಲಿನಲ್ಲಿ ಅಷ್ಟು ದೊಡ್ಡ ಧ್ವನಿ ಇದೆ ಅಂತ ಅವತ್ತೇ ಗೊತ್ತಾದದ್ದು. ಬೆಕ್ಕು ಗೋಡೌನಿಗೆ ಓಡಿತು. "ಮೇಷ್ಟ್ರೇ, ದುಡ್ಡು ಕಟ್ಟಿದ್ರೆ ಲೆಕ್ಕ ಕೂಡಿಬಿಡುತ್ತೆ. ಕೂಡಿದ ಮೇಲೆ ಯಾರೂ ಹುಡುಕೋದಿಲ್ಲ. ತಗೊಂಡು ಹೋಗಿ."

ಅಪ್ಪ ಕವರನ್ನು ಷರಟಿನ ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ನನಗೆ ಕಣ್ಣು ಕಾಣದಷ್ಟು ಕೋಪ ಬಂತು.

"ಹಾಗಾದ್ರೆ ನಿಮ್ಮ ಪುಸ್ತಕ ತೋರ್ಸಿ ಸಾರ್! ನನ್ನ ಲೆಡ್ಜರು ಆರು ಸಲ ನೋಡಿದೀನಿ. ತಪ್ಪು ನಿಮ್ಮದ್ರಲ್ಲೇ ಇದ್ರೆ?"

"ನಾನೂ ನೋಡಿದೀನಿ. ಎಲ್ಲದಕ್ಕೂ ಟಿಕ್ ಇದೆ."

"ತೋರ್ಸಿ ಮತ್ತೆ!"

"ಆಗೋದಿಲ್ಲಮ್ಮ. ನನ್ನ ಮೊತ್ತ ನೀವು ನೋಡಿಬಿಟ್ರೆ, ನಿಮ್ಮ ಲೆಡ್ಜರು ಎಷ್ಟು ಸರಿಯಾಗಿದ್ರೂ ಯಾರೂ ನಂಬೋದಿಲ್ಲ. ನೋಡ್ಕೊಂಡು ತಿದ್ದಿದ್ಲು ಅಂತಾರೆ."

ಈಗ ಓದುವವರಿಗೆ ಇದು ನ್ಯಾಯದ ಮಾತು ಅನ್ನಿಸಬಹುದು. ನನಗೆ ಅವತ್ತು ಕೇಳಿಸಿದ್ದು "ಆಗೋದಿಲ್ಲ" ಅನ್ನುವ ಒಂದೇ ಪದ. ಮನೆಯಲ್ಲಿ ಅಮ್ಮ ಅವರ ವಂಶವನ್ನೆಲ್ಲ ಜಾಲಾಡಿದಳು. ನಾನು ತಡೆಯಲಿಲ್ಲ, ನಡುನಡುವೆ ನೆನಪು ಕೂಡ ಮಾಡಿಕೊಟ್ಟೆ.

ಶುಕ್ರವಾರ ಅವರು ಅಂಗಡಿಗೆ ಬರಲಿಲ್ಲ. ಅವರು ಬರದೇ ಇರುವುದೆಂದರೆ ಏನು! ಹೇಡಿ, ತಪ್ಪಿಸಿಕೊಂಡಿದ್ದಾನೆ ಅಂದುಕೊಂಡು, ಇದ್ದ ಕಡೆಯೇ ಹೋಗಿ ಝಾಡಿಸಿಬಿಡೋಣ ಅಂತ ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಆಗ ಹನ್ನೊಂದು ಗಂಟೆ. ಅವರು ಪಡಸಾಲೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು. ಮುಂದೆ ಆ ವರ್ಷದ ಹಳೆಯ ರಸೀದಿ ಕಟ್ಟುಗಳು, ಅಂಗಡಿಯಿಂದ ಹೊತ್ತು ತಂದು ಹರವಿಕೊಂಡಿದ್ದರು. ಕಣ್ಣು ಕೆಂಪಾಗಿದ್ದವು. ಕೈ ಕಟ್ಟಿಕೊಂಡಿದ್ದರು.

"ಬನ್ನಿ," ಅಂದರು. "ಹನ್ನೆರಡರವರೆಗೆ ರಾಹುಕಾಲ. ನಾನು ಬರೆಯೋ ಹಾಗಿಲ್ಲ. ನೀವು ಬೈಯಬಹುದು."

ಬೈದೆ. ಹೊಟ್ಟೆ ತುಂಬ ಬೈದೆ. ನನ್ನ ಅಪ್ಪನ ಮಾನ ತೆಗೆದಿರಿ ಅಂದೆ, ನಿಮ್ಮ ಕೆಂಪು ಪುಸ್ತಕಕ್ಕೆ ಬೆಂಕಿ ಬೀಳ ಅಂದೆ, ನಿಮಗೆ ಮನುಷ್ಯರಿಗಿಂತ ಮೊತ್ತ ದೊಡ್ಡದು ಅಂದೆ. ಅವರು ಒಂದಕ್ಕೂ ಎದುರಾಡದೆ, ಆರೋಪಪಟ್ಟಿ ಓದಿಸಿಕೊಳ್ಳುವವರ ಹಾಗೆ ತಲೆಯಾಡಿಸುತ್ತ ಕೇಳಿದರು. ಒಳಗಿನಿಂದ ಅವರ ಮನೆಯವರು ಕಾಫಿ ತಂದಿಟ್ಟು, ನನ್ನ ಬೈಗುಳ ಮುಗಿಯುವವರೆಗೆ ಕಾದು ನಿಂತು, ತಮ್ಮ ಅಹವಾಲನ್ನೂ ಸೇರಿಸಿದರು:

"ಹಾಗೇ ಇದನ್ನೂ ಒಂದು ಮಾತು ಕೇಳಮ್ಮ. ಇವರ ಜೇಬಲ್ಲಿ ಸಿಕ್ಕಿದ್ದನ್ನ ಏನೂ ಬಿಸಾಕ್ಬಾರ್ದು ಅಂತ ಒಂದು ಡಬ್ಬ ಇಟ್ಟಿದೀನಿ. ಬಟ್ಟೆ ಒಗೆಯೋ ಮುಂಚೆ ಎಲ್ಲ ಅದ್ರೊಳಗೆ ಹಾಕ್ತೀನಿ. ಹತ್ತು ದಿನದಿಂದ ಆ ಡಬ್ಬಕ್ಕೆ ಇರುವೆ ಹತ್ತಿದೆ. ಕಾಗದಕ್ಕೆ ಯಾಕೆ ಇರುವೆ ಬರುತ್ತೆ? ಸಕ್ಕರೆಕಾಯಿಲೆ ಇಟ್ಕೊಂಡು ಕದ್ದು ಮಿಠಾಯಿ ತಿಂತಿದಾರೆ, ನನಗೆ ಗೊತ್ತು."

"ನಾನು ಮಿಠಾಯಿ ತಿಂದಿಲ್ಲ," ಅಂದರು ಟೋಟಲ್ ಸಾರ್, ನನ್ನ ಯಾವ ಬೈಗುಳಕ್ಕೂ ಆಗದಷ್ಟು ನೊಂದುಕೊಂಡು. "ಡಬ್ಬ ತನ್ನಿ."

ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳದ ಅಂಚಿನಲ್ಲಿ ಕೆಂಪಿರುವೆಯ ಸಾಲು. ತೆಗೆದರೆ ಬಸ್ ಟಿಕೇಟು, ಕುಂಕುಮದ ಪೊಟ್ಟಣ, ಮೊಂಡು ಪೆನ್ಸಿಲು, ಎಲ್ಲದರ ಮೇಲೆ ಮಡಿಸಿದ ಒಂದು ಚೀಟಿ. ಕಂದು ಬಣ್ಣಕ್ಕೆ ತಿರುಗಿ, ಒಣಗಿ, ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಇರುವೆಗಳೆಲ್ಲ ಅದರ ಮೇಲೇ. ಅವರು ಊದಿ, ನಿಧಾನವಾಗಿ ಬಿಡಿಸಿದರು. ನನ್ನ ಕಡೆಗೆ ತಿರುಗಿಸಿ ಹಿಡಿದರು. ಪೆನ್ಸಿಲಿನಲ್ಲಿ, ಅವರ ಅಕ್ಷರ: ಒಡಕು, 4,860.

ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು. ಮಾರ್ಚ್ ಕೊನೆಯ ಆ ಮಂಗಳವಾರ, ಮೂರೂವರೆಗೆ, ರಾಹುಕಾಲದಲ್ಲಿ, ಗೋಡೌನಿನಿಂದ ಒಡಕಿನ ಪುಸ್ತಕ ಬಂದಿತ್ತು. ಯುಗಾದಿ ವ್ಯಾಪಾರದಲ್ಲಿ ಒಡೆದು ವಾಪಸು ಬಂದ ಬಳೆಗಳ ದೊಡ್ಡ ಬಾಬ್ತು. ಅವರು ಮೊತ್ತವನ್ನು ಚೀಟಿಗೆ ಇಳಿಸಿ, ಪುಸ್ತಕಕ್ಕೆ ಹಸಿರು ಟಿಕ್ ಹಾಕಿ ಕಳಿಸಿದ್ದರು. ನಾನು ಆ ವಜಾವನ್ನು ಗಿರಾಕಿಗಳ ಪುಟಗಳಿಗೆ ಏರಿಸಿದೆ. ನಾಲ್ಕು ಗಂಟೆಗೆ, ರಾಹುಕಾಲ ಇನ್ನೂ ಮುಗಿಯದಿರುವಾಗ, ಬೀದಿಯಲ್ಲಿ ರಾಮೋತ್ಸವದವರು ಪಾನಕ ಹಂಚುತ್ತ ಬಂದರು. ತಳ್ಳುವ ಗಾಡಿಯೊಂದು ತಾಗಿ, ಒಂದು ಇಡೀ ಕೊಳಗ ಬೆಲ್ಲದ ಪಾನಕ ಟೋಟಲ್ ಸಾರ್ ಅವರ ಕೋಟಿನ ಮೇಲೆ ಅಭಿಷೇಕವಾಯಿತು. ಕೋಟು ತೆಗೆದ ಅವರನ್ನು ನಾವು ನೋಡಿದ್ದು ಅದೊಂದೇ ಸಲ. ನಾವೆಲ್ಲ ನಕ್ಕೆವು. ಅವರು ನಾಚಿಕೆಯಿಂದ ಕೋಟು ಸುತ್ತಿಕೊಂಡು ಮನೆಗೆ ಹೋದರು. ಮಾರನೆಯ ದಿನ ಇನ್ನೊಂದು ಕೋಟು ಹಾಕಿಕೊಂಡು ಬಂದರು, ಚೀಟಿ ಹಳೆಯ ಕೋಟಿನಲ್ಲೇ ಉಳಿಯಿತು. ಆಮೇಲೆ ಅಷ್ಟು ದಿನ ಹುಡುಕುವಾಗ ಒಡಕಿನ ಪುಸ್ತಕ ಎಷ್ಟು ಸಲ ತೆಗೆದರೋ, ಅಷ್ಟು ಸಲವೂ ಅಲ್ಲಿ ಹಸಿರು ಟಿಕ್ ಕಂಡು ಪುಟ ಮಗುಚಿದ್ದರು. ಜಗತ್ತನ್ನೆಲ್ಲ ಅನುಮಾನಿಸುವ ಮನುಷ್ಯ, ತಮ್ಮ ಟಿಕ್ಕನ್ನು ತಾವೇ ನಂಬಿ ಕೂತಿದ್ದರು.

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. "ಸಾರ್, ಇದು ನಮ್ಮಿಬ್ಬರಲ್ಲೇ ಇರ್ಲಿ," ಅಂದೆ. ನಿಜವಾಗಿಯೂ ಹಾಗಂದೆ, ಅವರ ಮುಖ ನೋಡಿದ್ದರೆ ನೀವೂ ಅನ್ನುತ್ತಿದ್ದಿರಿ. "ನಾಳೆ ಸದ್ದಿಲ್ಲದೆ ಏರಿಸಿಬಿಡಿ. ಕೂಡಿತು ಅಂದ್ರೆ ಮುಗೀತು."

"ಸದ್ದಿಲ್ಲದೆ ಕೂಡಿದ್ರೆ ನಿಮ್ಮಪ್ಪ ಕದ್ದು ದುಡ್ಡು ಕಟ್ಟಿದ್ರು ಅಂತಾರೆ ಆ ಭಾವಮೈದನೋರು," ಅಂದರು. "ಏಳಿ. ಆಟೋ ಕರೀರಿ."

ಚಾಮರಾಜಪೇಟೆಯಿಂದ ಬಳೇಪೇಟೆಗೆ ಜನ್ಮವೆಲ್ಲ ನಡೆದೇ ಓಡಾಡಿದವರು ಅವತ್ತು ಆಟೋ ಹತ್ತಿದರು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಚೀಟಿ, ಕಣ್ಣು ಮೀಟರಿನ ಮೇಲೆ. ಅಂಗಡಿಗೆ ಬಂದಾಗ ಹನ್ನೆರಡಕ್ಕೆ ಎಂಟು ನಿಮಿಷ. ಗೌಡರು, ಭಾವಮೈದ, ಗೋಡೌನಿನವರು, ಎಲ್ಲರನ್ನೂ ಕರೆಸಿದರು. ಕೆಂಪು ಪುಸ್ತಕವನ್ನು ಗೌಡರ ಮೇಜಿನ ಮೇಲಿಟ್ಟು ಅಂಗಾತ ತೆರೆದರು. ನಾಲ್ಕು ವರ್ಷದಲ್ಲಿ ನಾನು ಅದರ ಒಳಗನ್ನು ನೋಡಿದ್ದು ಅದೇ ಮೊದಲು. ಒಂದು ಚಿತ್ತಿಲ್ಲ, ತಿದ್ದಿದ ಒಂದು ಅಂಕಿಯಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಗಡಿಯಾರ ನೋಡುತ್ತ ನಿಂತರು.

"ಏನ್ ಸಾರ್, ಏನಾಯ್ತು?" ಅಂದರು ಗೌಡರು.

"ಎಂಟು ನಿಮಿಷ ತಡೀರಿ."

ಎಂಟು ನಿಮಿಷ ಬಳೇಪೇಟೆಯ ಒಂದು ಅಂಗಡಿ ಉಸಿರು ಕಟ್ಟಿ ನಿಂತಿತ್ತು. ಭಾವಮೈದ ಕೂರಲು ಹೋದ. "ನಿಂತಿರಿ," ಅಂದರು, ಬಹುವಚನದಲ್ಲೇ. ಹನ್ನೆರಡು ಹೊಡೆಯಿತು. ಬರೆಯುತ್ತ, ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿದರು: "ಒಡಕಿನ ಬಾಬ್ತು ನಾಲ್ಕು ಸಾವಿರದ ಎಂಟುನೂರ ಅರವತ್ತು ರೂಪಾಯಿ, ಏರಿಸಲು ಬಿಟ್ಟುಹೋಗಿದ್ದುದು. ತಪ್ಪು ಒಟ್ಟು ಬರೆಯುವವರದು. ಬಿಡಿ ಖಾತೆ ಮೊದಲಿನಿಂದಲೂ ಸರಿಯಾಗಿತ್ತು." ಆಮೇಲೆ ಭಾವಮೈದನಿಗೆ ಪೆನ್ನು ಕೊಟ್ಟು "ನೋಡಿದವರು ಅಂತ ಸಹಿ ಹಾಕಿ" ಅಂದರು. ಅವನು ಹಾಕಿದ. ಜನ್ಮದಲ್ಲಿ ಅವನು ಆ ಅಂಗಡಿಯಲ್ಲಿ ಮಾಡಿದ ಕೆಲಸ ಅದೊಂದೇ.

ಅಂದು ಅಪ್ಪನ ಕವರು ಗಲ್ಲಾಕ್ಕೆ ಬಿದ್ದಿದ್ದರೆ ಲೆಕ್ಕ ಕೂಡುತ್ತಿತ್ತು, ನಾನು ಕಳ್ಳಿಯಾಗಿಯೇ ಉಳಿಯುತ್ತಿದ್ದೆ. ಇದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಸೋಮವಾರ ಹೋದರೆ ಕೆಂಪು ಪುಸ್ತಕ ನನ್ನ ಮೇಜಿನ ಮೇಲಿತ್ತು. ನನ್ನ ದಪ್ಪ ಲೆಡ್ಜರು ಅವರ ಮೇಜಿನ ಮೇಲಿತ್ತು. "ಇನ್ಮೇಲೆ ಒಟ್ಟು ನೀವು, ಬಿಡಿ ನಾನು," ಅಂದರು. ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಆ ವಯಸ್ಸಿನಲ್ಲಿ ಮುನ್ನೂರು ಪುಟದ ಗುಮಾಸ್ತಿಕೆಗೆ ಇಳಿದರು. ತಿಂಗಳ ಕೊನೆಗೆ ನಾಲ್ಕು ಮಡಿಕೆಯ ಚೀಟಿ ತಂದು ನನ್ನ ಮೇಜಿನ ಮುಂದೆ ನಿಂತರು. ಕೂರಿ ಸಾರ್ ಅಂದರೆ ಕೂರಲಿಲ್ಲ. ನಾನು ಪುಸ್ತಕವನ್ನು ಎದೆಗವಚಿಕೊಂಡು ನೋಡಿದೆ. ಪೈಸೆಗೆ ಪೈಸೆ ತಾಳೆ. ಭೇಷ್ ಅನ್ನಬೇಕು ಅಂತ ಬಾಯಿಗೆ ಬಂತು, ನುಂಗಿಕೊಂಡೆ. "ಸದ್ಯಕ್ಕೆ ಸರಿ," ಅಂದೆ. ಅವರು ಆ ದಿನ ಪಟ್ಟಷ್ಟು ಸಂತೋಷವನ್ನು ನಾನು ಯಾವ ಗಂಡಸಿನ ಮುಖದಲ್ಲೂ ಕಂಡಿಲ್ಲ, ನನ್ನ ಮದುವೆಯಲ್ಲಿ ನನ್ನ ಗಂಡನ ಮುಖವನ್ನೂ ಸೇರಿಸಿ ಹೇಳುತ್ತಿದ್ದೇನೆ. ಹೌದು, ಆ ಉಪ್ಪಿಟ್ಟಿನವರೇ ಒಪ್ಪಿದರು. ಮದುವೆಯಲ್ಲಿ ಮುಯ್ಯಿ ಬರೆಯುವವರು ಬೇರೆ, ಕವರು ಇಟ್ಟುಕೊಳ್ಳುವವರು ಬೇರೆ ಅಂತ ಟೋಟಲ್ ಸಾರ್ ಏರ್ಪಾಟು ಮಾಡಿದ್ದಕ್ಕೆ ಸಿಟ್ಟಾಗಿ, ಕವರು ಹಿಡಿದಿದ್ದ ನನ್ನ ಸೋದರಮಾವ ಊಟ ಮಾಡದೆ ಎದ್ದು ಹೋದರು. ಅಮ್ಮ ಮಾತ್ರ ಅವರ ಪಂಕ್ತಿಗೆ ತಾನೇ ಹೋಗಿ ಎರಡು ಸಲ ಹೋಳಿಗೆ ಬಡಿಸಿ ಬಂದಳು.

ಎರಡು ಸಾವಿರದ ಈಚೆಗೆ ಅಂಗಡಿಗೆ ಕಂಪ್ಯೂಟರು ಬಂತು. ಗೌಡರ ಮಗ ತೋರಿಸಿದ: "ನೋಡಿ ಅಂಕಲ್, ಬಿಡಿ ಹಾಕಿದ್ರೆ ಸಾಕು, ಟೋಟಲ್ ಅದೇ ಮಾಡ್ಕೊಳುತ್ತೆ. ಯಾವಾಗ್ಲೂ ಟ್ಯಾಲಿ!"

"ಬಿಡಿನೂ ಅದೇ, ಒಟ್ಟೂ ಅದೇನಾ?"

"ಹೂಂ ಅಂಕಲ್."

"ಮತ್ತೆ ಕಾವಲು ಯಾರು?"

ಆ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಆ ತಿಂಗಳೇ ನಿವೃತ್ತರಾದರು. ಆಮೇಲೂ ಪ್ರತಿ ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಫೋನು. ಮೊತ್ತ ಎಷ್ಟು ಅಂತ ಯಾವತ್ತೂ ಕೇಳಲಿಲ್ಲ. "ಆಯ್ತಾ?" ಅನ್ನುವರು. "ಸದ್ಯಕ್ಕೆ ಸರಿ ಸಾರ್," ಅನ್ನುವೆ. ಇಡುವರು. ಕಳೆದ ತಿಂಗಳ ಕೊನೆಗೆ ಫೋನು ಬರಲಿಲ್ಲ.

ಮೊನ್ನೆ ಭಾನುವಾರ ನಾನು ಎಲೆಯ ಲೆಕ್ಕ ಮುಗಿಸಿ ಹೊರಡುವಾಗ ಅವರ ಮನೆಯವರು ಅದೇ ತಗಡಿನ ಡಬ್ಬ ಹಿಡಿದುಕೊಂಡು ಬಂದರು. "ಇದ್ರಲ್ಲಿ ನಿನ್ನದೊಂದು ಕಾಗದ ಇದೆಯಂತೆ. ಆಸ್ಪತ್ರೇಲಿ ಎರಡು ಸಲ ಹೇಳಿದ್ರು, ನಿನ್ನ ಸಹಿ ಬಾಕಿ ಇದೆ ಅಂತ."

ಗೌಡರಿಗೆ ಬರೆದ ಪತ್ರ. ಮೂಲೆಯಲ್ಲಿ, "ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ, ರಾಹುಕಾಲ ಕಳೆದ ಮೇಲೆ." ನನ್ನ ಅಪ್ಪನನ್ನು ಕವರಿನ ಸಮೇತ ವಾಪಸು ಕಳಿಸಿದ ಅದೇ ಗುರುವಾರ. ಕೆಳಗೆ ನಾಲ್ಕೇ ಸಾಲು: "ಶನಿವಾರದೊಳಗೆ ವ್ಯತ್ಯಾಸ ಸಿಗದಿದ್ದಲ್ಲಿ ಅದನ್ನು ಒಟ್ಟು ಖಾತೆಯ ತಪ್ಪೆಂದೇ ಭಾವಿಸತಕ್ಕದ್ದು. ಬಿಡಿ ಖಾತೆ ಬರೆಯುವವರ ಬಗ್ಗೆ ನನಗೆ ಅನುಮಾನವಿಲ್ಲ. ಅವರನ್ನು ಮುಂದುವರಿಸಬೇಕು. ನಾನು ಶನಿವಾರದಿಂದ ಕೆಲಸ ಬಿಡುತ್ತಿದ್ದೇನೆ." ಮಾರನೆಯ ಬೆಳಿಗ್ಗೆ ನಾನು ಅವರ ಪಡಸಾಲೆಯಲ್ಲಿ ನಿಂತು ಹೊಟ್ಟೆ ತುಂಬ ಬೈಯುವಾಗ ಈ ಪತ್ರ ಅವರ ಕೋಟಿನ ಜೇಬಿನಲ್ಲೇ ಇತ್ತು. ಒಂದು ಮಾತು ಹೇಳಲಿಲ್ಲ, ಪುಣ್ಯಾತ್ಮ.

ಪತ್ರದ ಮೇಲೆ ಎರಡು ಓರೆ ಗೀಟು. ನಡುವೆ "ರದ್ದು". ಕೆಳಗೆ ಎಡಕ್ಕೆ ಬರೆದವರ ಸಹಿ. ಬಲಕ್ಕೆ "ನೋಡಿದವರು" ಅನ್ನುವ ಜಾಗ ಇಷ್ಟು ವರ್ಷ ಖಾಲಿ.

ಕಣ್ಣು ಒರೆಸಿಕೊಂಡು ಪೆನ್ನು ಕೇಳಿದೆ. ಅವರ ಮನೆಯವರು ಅವರ ಹಸಿರು ಇಂಕಿನ ಪೆನ್ನನ್ನೇ ತಂದುಕೊಟ್ಟರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ, ಯಾವತ್ತೂ ಇರಲಿಲ್ಲ. ಅಲ್ಲೇ ಪಡಸಾಲೆಯಲ್ಲಿ ಕೂತು, ಅವರ ಮನೆಯವರು ಕೊಟ್ಟ ಕಾಫಿ ಕುಡಿದು, ಆರು ಹೊಡೆದ ಮೇಲೆ ಸಹಿ ಹಾಕಿದೆ.